ಕ್ಯಾಂಟೀನ್ ಹುಡುಗ ತಂದ ಪುಸ್ತಕಗಳು

ಮಕ್ಕಳೇ, ಯುದ್ಧದ ಹಡಗು ಎಂದೊಡನೆ ನಿಮಗೆ ಫಿರಂಗಿಗಳು ನೆನಪಾಗುತ್ತವೆ, ಅಲ್ಲವೇ? ಈ ವಾರ ನಾನು ಹೇಳುವ ಹಡಗಿನ ದೊಡ್ಡ ಸಾಧನೆ ಫಿರಂಗಿಯಿಂದ ಆದದ್ದಲ್ಲ, ಕೆಲವು ಪುಸ್ತಕಗಳಿಂದ ಆದದ್ದು.

ಹಡಗಿನ ಹೆಸರು ಪೆಟಾರ್ಡ್. ಬ್ರಿಟನ್ನಿನ ನೌಕಾಪಡೆಯ ಡಿಸ್ಟ್ರಾಯರ್. ಅಂದರೆ ವೇಗವಾಗಿ ಓಡುತ್ತಾ ಬೇರೆ ಹಡಗುಗಳಿಗೆ ಕಾವಲಾಗಿ ಹೋಗುವ ಯುದ್ಧನೌಕೆ. ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ಕಟ್ಟಿ 1941ರಲ್ಲಿ ನೀರಿಗಿಳಿಸಿದರು. ಮರುವರ್ಷ ಸೇವೆಗೆ ಸೇರಿತು.

1942ರ ಅಕ್ಟೋಬರ್ 30. ಈಜಿಪ್ಟಿನ ಉತ್ತರಕ್ಕೆ, ಮೆಡಿಟರೇನಿಯನ್ ಸಮುದ್ರದಲ್ಲಿ ಪೆಟಾರ್ಡ್ ಮತ್ತು ಜೊತೆಯ ಹಡಗುಗಳು ಜರ್ಮನಿಯ ಯು-559 ಜಲಾಂತರ್ಗಾಮಿಯನ್ನು ಗಂಟೆಗಟ್ಟಲೆ ಬೆನ್ನಟ್ಟಿದವು. ನೀರೊಳಗೆ ಸಿಡಿಯುವ ಬಾಂಬುಗಳ ಪೆಟ್ಟು ತಾಳಲಾರದೆ ಅದು ರಾತ್ರಿ ಮೇಲೆದ್ದಿತು. ಒಳಗಿದ್ದವರು ನೀರು ನುಗ್ಗುವಂತೆ ಮಾಡಿ ಹೊರಗೆ ಹಾರಿದರು.

ಆಗ ಲೆಫ್ಟಿನೆಂಟ್ ಟೋನಿ ಫ್ಯಾಸನ್ ಮತ್ತು ನಾವಿಕ ಕಾಲಿನ್ ಗ್ರೇಜಿಯರ್ ಆ ಮುಳುಗುತ್ತಿದ್ದ ನೌಕೆಯ ಒಳಕ್ಕೆ ಇಳಿದರು. ಅವರ ನೆರವಿಗೆ ಹೋದವನು ಟಾಮಿ ಬ್ರೌನ್. ಪೆಟಾರ್ಡಿನ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ ಹುಡುಗ. ವಯಸ್ಸು ಕೇವಲ 16! ಸುಳ್ಳು ವಯಸ್ಸು ಹೇಳಿ ಕೆಲಸಕ್ಕೆ ಸೇರಿದ್ದ. ಅವರಿಬ್ಬರು ಕೊಟ್ಟ ಪುಸ್ತಕಗಳನ್ನು ಹಿಡಿದು ಏಣಿ ಹತ್ತಿ ಇಳಿದು ಮೇಲಕ್ಕೆ ಸಾಗಿಸಿದ. ನೀರು ತಾಗಿದರೆ ಶಾಯಿ ಕರಗಿಹೋಗುವ ಪುಸ್ತಕಗಳವು. ಇದ್ದಕ್ಕಿದ್ದಂತೆ ನೌಕೆ ಮುಳುಗಿತು. ಬ್ರೌನ್ ಪಾರಾದ. ಒಳಗಿದ್ದ ಇಬ್ಬರೂ ಬರಲೇ ಇಲ್ಲ.

ಅಷ್ಟು ಬೆಲೆ ಏಕೆ ಆ ಕಾಗದಕ್ಕೆ? ಜರ್ಮನರು ಎನಿಗ್ಮಾ ಎಂಬ ಯಂತ್ರದಿಂದ ಗುಪ್ತ ಸಂದೇಶ ಕಳಿಸುತ್ತಿದ್ದರು. ಅಟ್ಲಾಂಟಿಕ್‌ನಲ್ಲಿದ್ದ ಅವರ ಜಲಾಂತರ್ಗಾಮಿಗಳ ಸಂದೇಶಗಳನ್ನು ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್‌ನ ಪಂಡಿತರು ಹತ್ತು ತಿಂಗಳಿಂದ ಓದಲಾರದೆ ಒದ್ದಾಡುತ್ತಿದ್ದರು. ಈ ಪುಸ್ತಕಗಳು ಕೈಗೆ ಬಂದ ಮೇಲೆ, ಡಿಸೆಂಬರ್‌ನಲ್ಲಿ ಬೀಗ ತೆರೆಯಿತು. ಆಹಾರ ಸಾಗಿಸುವ ಹಡಗುಗಳನ್ನು ಅಪಾಯದ ದಾರಿಯಿಂದ ತಪ್ಪಿಸಲು ಸಾಧ್ಯವಾಯಿತು.

ಪೆಟಾರ್ಡ್ ಅದೇ ಡಿಸೆಂಬರ್‌ನಲ್ಲಿ ಇಟಲಿಯ ಒಂದು ಜಲಾಂತರ್ಗಾಮಿಯನ್ನು ಸೋಲಿಸಿತು. 1944ರ ಫೆಬ್ರವರಿಯಲ್ಲಿ ಮಾಲ್ಡೀವ್ಸ್ ಬಳಿ, ಕೊಲಂಬೊಗೆ ಹೊರಟಿದ್ದ ಖೆಡಿವ್ ಇಸ್ಮಾಯಿಲ್ ಹಡಗನ್ನು ಜಪಾನಿನ ಐ-27 ಮುಳುಗಿಸಿತು. ಸುಮಾರು 1,300 ಜನ ಸತ್ತರು. ಈಜುತ್ತಿದ್ದವರ ಕೆಳಗೇ ಶತ್ರು ಅಡಗಿದ್ದರಿಂದ ಅಲ್ಲಿಯೇ ಬಾಂಬು ಹಾಕಬೇಕಾಯಿತು. ಐ-27 ಮುಳುಗಿತು. ಗೆದ್ದವರಿಗೂ ನಿದ್ದೆ ಕೆಡಿಸುವ ಗೆಲುವು ಅದು.

1967ರಲ್ಲಿ ಪೆಟಾರ್ಡನ್ನು ಗುಜರಿಗೆ ಒಡೆದರು. ಫ್ಯಾಸನ್, ಗ್ರೇಜಿಯರ್ ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಬಂದಿತ್ತು. ಬ್ರೌನ್‌ಗೆ ಜಾರ್ಜ್ ಮೆಡಲ್. ಆದರೆ 1945ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಪುಟ್ಟ ತಂಗಿಯನ್ನು ಉಳಿಸಲು ಹೋಗಿ ಅವನೂ ತೀರಿಕೊಂಡ. ಆ ಪುಸ್ತಕಗಳಿಂದ ಏನಾಯಿತು ಎಂಬ ಗುಟ್ಟು 1970ರ ದಶಕದವರೆಗೂ ಹೊರಬರಲಿಲ್ಲ.

ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಡ್ಜರ್ ಬರೆದವನು ನಾನು. ಮುಳುಗಿಸಿದ್ದನ್ನು ಎಣಿಸಿ ಬರೆಯಬಹುದು. ಮುಳುಗದೆ ಉಳಿದದ್ದನ್ನು ಯಾವ ಕಾಲಮಿನಲ್ಲಿ ಬರೆಯೋಣ, ಹೇಳಿ?

ಇಂದು ಸಂಜೆ ಅಜ್ಜ-ಅಜ್ಜಿಯ ಜೊತೆ ಕೂತು ಭೂಪಟದಲ್ಲಿ ಈಜಿಪ್ಟ್, ಮಾಲ್ಡೀವ್ಸ್ ಎರಡನ್ನೂ ಹುಡುಕಿ. ಮುಂದಿನ ವಾರ ಸಿಗೋಣ.