ಕೀಲಿ ಕೊಡುವ ಮುನ್ನ

12 ಮಳೆಗಾಲ ನಮ್ಮ ಕುಟುಂಬವನ್ನು ಹೊತ್ತು ಘಟ್ಟವೇರಿದ ನಾಲ್ಕು ಚಕ್ರ ಚಾಲನೆಯ ಜೀಪನ್ನು ಮಧ್ಯವರ್ತಿಯಿಲ್ಲದೆ ಮಾರಿದೆ. ಹೆಚ್ಚು ಬೆಲೆ ಹೇಳಿದವರು ಗಿರಿನೆತ್ತಿಯ ಹುಲ್ಲುಗಾವಲಿನಲ್ಲಿ ಪ್ರವಾಸಿಗರನ್ನು ಸುತ್ತಿಸುವವರು, ಕೊಡಲಿಲ್ಲ. ಅಲ್ಲಿನ ತೆಳುಮಣ್ಣು ಚಕ್ರದಡಿ ಬಿಗಿದುಕೊಂಡರೆ ನೀರು ಇಂಗದು, ಜಾಡೇ ಕೊರಕಲಾಗುತ್ತದೆ. ಕೊಂಡವರು ನೆರೆಯೂರಿನ ಅಡಿಕೆ ಬೆಳೆಗಾರರು. ಅವರಿಗೆ ಮೊದಲು ತೋರಿಸಿದ್ದು ಚಾಸಿಗೆ ಹಿಡಿದ ತುಕ್ಕನ್ನು. ಬೆಲೆ ತುಸು ಇಳಿಯಿತು, ಇಳಿಯಲಿ.

ನಮ್ಮಲ್ಲಿ ಅನೇಕರು ಹಣ ಎಣಿಸಿಕೊಂಡು ವಾಹನವನ್ನು ಮರೆಯುತ್ತಾರೆ. ಇದು ಅಪಾಯಕರ. 1988ರ ಮೋಟಾರು ವಾಹನ ಕಾಯ್ದೆಯಂತೆ ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ನೋಂದಣಿ ಬದಲಾಗುವವರೆಗೆ ಅಪಘಾತ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ನಮೂನೆ 29 ಮತ್ತು 30ನ್ನು ಇಬ್ಬರೂ ಕುಳಿತು ತುಂಬಿದೆವು. ಬೆಳೆಗಾರರು, ‘ನಂಬಿಕೆಯಿಲ್ಲವೇ?’ ಎಂದು ಕೊಂಚ ಮುನಿಸಿಕೊಂಡರು. ಸಹಿಯಾದ ಬಳಿಕವೇ ಕೀಲಿ ಕೊಟ್ಟೆ.