ಕೌದಿ ಕಟ್ಟಿದ ಕೋಣೆಯಲ್ಲಿ ಹಾಡು

ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟದ್ದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ. ಆ ಹುಡುಗನ ಮನಸ್ಸನ್ನು ಸೆಳೆದದ್ದು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಹಾಡುಗಾರಿಕೆ. ಅಂದಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಮೂರು ಮೂರೂವರೆ ನಿಮಿಷದ ಹಾಡು. ಜೊತೆಗೆ ಸೂಜಿಯ ಕರಕರ ಸದ್ದು. ಆದರೂ ಸ್ವರ ಹುಡುಗನೊಬ್ಬನನ್ನು ಊರು ಬಿಡಿಸುವಷ್ಟು ಸ್ಪಷ್ಟವಾಗಿ ತಲುಪಿತ್ತು.

ಆಗ ಧ್ವನಿಗಳನ್ನು ಹದವಾಗಿ ಬೆರೆಸಲು ಇಂದಿನಂಥ ಯಂತ್ರಗಳಿರಲಿಲ್ಲ. 1925ರವರೆಗೆ ಮೈಕು ಕೂಡ ಬಳಕೆಗೆ ಬಂದಿರಲಿಲ್ಲ. ದೊಡ್ಡದೊಂದು ಕಹಳೆಯ ಬಾಯಿಗೆ ಹಾಡಬೇಕಿತ್ತು. ಜೋರಾದ ವಾದ್ಯದವರು ದೂರ, ಮೆಲುದನಿಯವರು ಹತ್ತಿರ. ಮೈಕು ಬಂದ ಮೇಲೂ ಬಹುಕಾಲ ಇದೇ ಪದ್ಧತಿ ನಡೆಯಿತು. ಅಂದರೆ ಮಿಕ್ಸಿಂಗ್ ಎಂಬುದು ಹಾಡು ಮುಗಿದ ಮೇಲೆ ಮಾಡುವ ಕೆಲಸವಾಗಿರಲಿಲ್ಲ. ಯಾರು ಎಲ್ಲಿ ಕೂಡಬೇಕು ಎಂಬುದರಲ್ಲೇ ಅದು ಮುಗಿಯುತ್ತಿತ್ತು.

ಇಂದು ಒಂದು ಮೈಕು, ಒಂದು ಕಂಪ್ಯೂಟರ್ ಇದ್ದರೆ ಹತ್ತು ಅಡಿ ಕೋಣೆಯೇ ಸ್ಟುಡಿಯೊ. ಗದಗ-ಬೆಟಗೇರಿಯಾಗಲಿ ಮುಂಡರಗಿಯಾಗಲಿ, ಮಗಳ ವಚನಗಾಯನವನ್ನೋ ಮಗನ ಭಾವಗೀತೆಯನ್ನೋ ಧ್ವನಿಮುದ್ರಣ ಮಾಡಿಸಬೇಕೆಂಬ ಆಸೆ ತಂದೆತಾಯಿಗಳಿಗೆ ಸಹಜ. ಹಣ ಕೊಟ್ಟು ಮನೆಗೆ ತಂದು ಕೇಳಿದರೆ ತಬಲಾ ಕೇಳುತ್ತದೆ, ಗುಂಯ್ ಎನ್ನುವ ಪ್ರತಿಧ್ವನಿ ಕೇಳುತ್ತದೆ, ಮಗು ಏನು ಹಾಡಿತೆಂಬುದು ಮಾತ್ರ ತಿಳಿಯುವುದಿಲ್ಲ. ಆಗ ತಪ್ಪನ್ನು ಮೈಕಿನ ಮೇಲೆ ಹೊರಿಸುವುದು ವಾಡಿಕೆ. ಹೆಚ್ಚಿನ ಸಲ ತಪ್ಪಿರುವುದು ಕೋಣೆಯಲ್ಲಿ.

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಬೇಕು. ಸದ್ದು ಟರ್ರ್ ಎಂದು ಗೋಡೆಯಿಂದ ಗೋಡೆಗೆ ಪುಟಿದರೆ ಅಲ್ಲಿ ಹಾಡಿಸುವಂತಿಲ್ಲ. ಇದಕ್ಕೆ ಮದ್ದು ನಮ್ಮ ಸೀಮೆಯ ಪ್ರತಿ ಮನೆಯಲ್ಲೂ ಇದೆ: ಕೌದಿ. ಹಳೆಯ ಸೀರೆ, ಧೋತರಗಳ ಪದರುಗಳನ್ನು ಸೇರಿಸಿ ಹೊಲಿದ ದಪ್ಪ ಕೌದಿಯನ್ನು ಗೋಡೆಗೆ ಅಂಟಿಸದೆ, ನಾಲ್ಕು ಬೆರಳು ಅಂತರ ಬಿಟ್ಟು ಇಳಿಬಿಟ್ಟರೆ ಎತ್ತರದ ಸದ್ದನ್ನು ಹೀರಿಕೊಳ್ಳುತ್ತದೆ. ಡಗ್ಗಾದಂಥ ತಗ್ಗಿನ ಸದ್ದಿಗೆ ಕೌದಿ ಜಗ್ಗದು. ಅದು ಮೂಲೆಗಳಲ್ಲಿ ತುಂಬಿಕೊಳ್ಳುತ್ತದೆ. ಮೂಲೆಗಳಲ್ಲಿ ಹತ್ತಿಯ ಗಾದಿಗಳನ್ನು ಸುರುಳಿ ಸುತ್ತಿ ನಿಲ್ಲಿಸಿದರೆ ಅದೂ ಒಂದಿಷ್ಟು ಕಡಿಮೆಯಾಗುತ್ತದೆ. ಗೋಡೆಗೆ ತತ್ತಿಯ ಟ್ರೇ ಅಂಟಿಸಿದರೆ ನೋಡಲು ಸ್ಟುಡಿಯೊದಂತೆ ಕಾಣಬಹುದು, ಕೌದಿಯ ಅರ್ಧದಷ್ಟೂ ಕೆಲಸ ಮಾಡದು.

ಇನ್ನು ಹೊರಗಿನ ಸದ್ದು. ಬೆಟಗೇರಿ ನೇಕಾರರ ಊರು. ಪಕ್ಕದ ಮನೆಯಲ್ಲಿ ಮಗ್ಗ ನಡೆದಿದ್ದರೆ ಅದನ್ನು ನಿಲ್ಲಿಸಿ ಎನ್ನಲು ಬರುವುದಿಲ್ಲ, ಅದು ಅವರ ಅನ್ನ. ಮಗ್ಗ ನಿಂತ ಹೊತ್ತು ನೋಡಿ ಹಾಡಿಸಬೇಕು, ಇಲ್ಲವೇ ಮೈಕಿನ ಬೆನ್ನನ್ನು ಸದ್ದು ಬರುವ ಕಿಟಕಿಗೆ ತಿರುಗಿಸಬೇಕು. ಹಾಡಿಗೆ ಬಳಸುವ ಸಾಮಾನ್ಯ ಮೈಕುಗಳು ಎದುರಿನ ಸದ್ದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಹಿಡಿಯುತ್ತವೆ. ಫ್ಯಾನ್ ಅಂತೂ ಬಂದ್ ಆಗಲೇಬೇಕು, ಬೇಸಿಗೆಯಾದರೂ ಸರಿ.

ಬಾಯಿಗೂ ಮೈಕಿಗೂ ಒಂದು ಗೇಣು ದೂರ ಸಾಕು. ಎರಡು ಮೈಕುಗಳಿದ್ದರೆ ಒಂದರಿಂದ ಇನ್ನೊಂದು ಕನಿಷ್ಠ ಮೂರು ಗೇಣು ದೂರವಿರಬೇಕು. ಹಾಗಿಲ್ಲದಿದ್ದರೆ ಒಂದೇ ದನಿ ಎರಡರಲ್ಲೂ ನುಗ್ಗಿ ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ. ಶಿರಹಟ್ಟಿ, ಮುಂಡರಗಿ ಕಡೆಯ ಭಜನಾ ಮೇಳವನ್ನು ಒಂದೇ ಮೈಕಿನಲ್ಲಿ ಹಿಡಿಯುವುದಾದರೆ ಹಳೆಯ ಕಹಳೆಯ ಲೆಕ್ಕವೇ ಸರಿ: ಹಾಡುವವರು ಮುಂದೆ, ಹಾರ್ಮೋನಿಯಂ ಬದಿಗೆ, ತಬಲಾ ಹಿಂದೆ, ತಾಳ ಎಲ್ಲರಿಗಿಂತ ಹಿಂದೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ತಬಲಾವನ್ನು ಇನ್ನೊಂದು ದಿನ ಬೇರೆಯಾಗಿ ನುಡಿಸಿ ಜೋಡಿಸುವ ರೂಢಿಯೂ ಇದೆ. ಸಿನಿಮಾ ಹಾಡಿಗೆ ಅದು ನಡೆದೀತು, ಖ್ಯಾಲಿಗೆ ನಡೆಯದು. ಹಾಡುವವರೂ ನುಡಿಸುವವರೂ ಮುಖ ನೋಡಿಕೊಳ್ಳದೆ ಸಮಕ್ಕೆ ಬರುವ ಸುಖ ಎಲ್ಲಿಯದು?

ಮುದ್ರಣಕ್ಕೆ ಮುನ್ನ ಹಾಡಿನ ಅತಿ ಎತ್ತರದ ಸಾಲನ್ನು ಜೋರಾಗಿ ಹಾಡಿಸಿ ಮಟ್ಟ ಗೊತ್ತುಮಾಡಬೇಕು. ಕೆಂಪು ದೀಪ ಹತ್ತಿದ ಕಡೆ ದನಿ ಒಡೆದಿರುತ್ತದೆ. ಅದನ್ನು ಸರಿಯಾಗಿ ದುರಸ್ತಿ ಮಾಡಲಾಗದು, ಮತ್ತೆ ಹಾಡಿಸುವುದೇ ದಾರಿ.

ಮಿಕ್ಸಿಂಗ್ ಮಾಡುವಾಗ ಮೊದಲು ದನಿಯೊಂದನ್ನೇ ಕೇಳಬೇಕು. ಉಳಿದದ್ದನ್ನು ಅದರ ಸುತ್ತ ಮೆಲ್ಲಗೆ ಸೇರಿಸಬೇಕು. ದನಿಯ ಹಾದಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಹಾಕಬಹುದು. ಮಬ್ಬೆನಿಸಿದರೆ 200ರಿಂದ 400ರ ನಡುವೆ ಸ್ವಲ್ಪ ತಗ್ಗಿಸಬೇಕು. ಸ, ಶ, ತ, ಕ ಮುಂತಾದ ವ್ಯಂಜನಗಳ ಸ್ಪಷ್ಟತೆ ಇರುವುದು ಬಹುಮಟ್ಟಿಗೆ 2000ಕ್ಕಿಂತ ಮೇಲೆ. ತಾಳದ ಝಣಝಣವೂ ಅಲ್ಲೇ. ಆದ್ದರಿಂದ ತಾಳ ಇಳಿದಷ್ಟೂ ಮಾತು ಮೇಲೇಳುತ್ತದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಆ ಊರಿನ ಮಗು ಹಾಡಿದ್ದರಲ್ಲಿ ಕನ್ನಡವೇ ಕೇಳದಿದ್ದರೆ ಹೇಗೆ? ಪ್ರತಿಧ್ವನಿಯನ್ನೂ ಉಪ್ಪಿನಷ್ಟೇ ಹಾಕಬೇಕು.

ಅಪಸ್ವರವನ್ನು ಕಂಪ್ಯೂಟರಿನಲ್ಲಿ ತಿದ್ದುವ ಸಾಧನ 1997ರಿಂದ ಬಳಕೆಯಲ್ಲಿದೆ. ಕಲಿಯುವ ಮಕ್ಕಳಿಗೆ ಇದು ಬೇಡ. ಸ್ವರಗಳನ್ನು ಹಾರ್ಮೋನಿಯಂ ಮನೆಗಳಂತೆ ಹನ್ನೆರಡು ಜಾಗಗಳಿಗೆ ಎಳೆದು ಕೂಡಿಸಿದರೆ ಮೀಂಡ್ ಸಾಯುತ್ತದೆ. ದರ್ಬಾರಿ ಕಾನಡಾದ ತೂಗಾಡುವ ಗಾಂಧಾರ ದರ್ಬಾರಿಯದಾಗಿ ಉಳಿಯುವುದಿಲ್ಲ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ತಾನು ಎಲ್ಲಿ ತಪ್ಪಿದೆನೆಂದು ಮಗುವಿಗೆ ತಿಳಿಯುವುದೇ ಇಲ್ಲ. ಪಂಚಾಕ್ಷರಿ ಗವಾಯಿಗಳ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ಮುನ್ನಡೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳು ಕಿವಿಯನ್ನೇ ನಂಬಿ ಹಾಡು ಕಲಿತಿದ್ದಾರೆ. ತಿದ್ದದ ಧ್ವನಿಮುದ್ರಣ ಅಂಥ ಕಿವಿಗೆ ಒಳ್ಳೆಯ ಸಹಾಯಕ. ತಿಂಗಳಿಗೊಮ್ಮೆ ಅದೇ ಬಂದಿಶನ್ನು ಅದೇ ಕೋಣೆಯಲ್ಲಿ, ಅಷ್ಟೇ ದೂರದಿಂದ ಹಿಡಿದಿಟ್ಟರೆ ಗುರುಗಳ ಮುಂದೆ ಕುಳಿತು ಹೋಲಿಸಿ ನೋಡಬಹುದು.

ಸ್ಟುಡಿಯೊದಿಂದ ಹಾಡು ತರುವ ಮೊದಲು ಪಾಲಕರು ಒಂದು ಪರೀಕ್ಷೆ ಮಾಡಬಹುದು. ದೊಡ್ಡ ಸ್ಪೀಕರಿನಲ್ಲಿ ಬೇಡ, ಸಣ್ಣ ಮೊಬೈಲಿನಲ್ಲಿ ಹಾಡನ್ನು ಹಾಕಿ, ಆ ಹಾಡು ಗೊತ್ತಿಲ್ಲದ ಒಬ್ಬರ ಕೈಗೆ ಕಾಗದ ಕೊಟ್ಟು ಕೇಳಿದ್ದನ್ನು ಬರೆಯಲು ಹೇಳಬೇಕು. ಯಾವ ಸಾಲಿನಲ್ಲಿ ಪೆನ್ನು ನಿಲ್ಲುತ್ತದೋ ಆ ಸಾಲನ್ನು ಮರುದಿನ ಮತ್ತೆ ಹಾಡಿಸಬೇಕು.