ಅನುಕಂಪದ ಮತವೂ ಅರ್ಹತೆಯ ಟಿಕೆಟ್ಟೂ

ಮದ್ದೂರು ಕ್ಷೇತ್ರದಿಂದ 2008ರ ಸಾರ್ವತ್ರಿಕ ಚುನಾವಣೆಯಲ್ಲಿ ಜಾತ್ಯತೀತ ಜನತಾದಳದ ಅಭ್ಯರ್ಥಿಯಾಗಿ ಗೆದ್ದ ಎಂ.ಎಸ್. ಸಿದ್ದರಾಜು ಅವರು ಅದೇ ವರ್ಷ ನಿಧನ ಹೊಂದಿದರು. ಡಿಸೆಂಬರ್ ತಿಂಗಳಲ್ಲಿ ಜರುಗಿದ ಉಪಚುನಾವಣೆಯಲ್ಲಿ ಪಕ್ಷವು ಅವರ ಪತ್ನಿ ಶ್ರೀಮತಿ ಕಲ್ಪನಾ ಸಿದ್ದರಾಜು ಅವರನ್ನು ಕಣಕ್ಕಿಳಿಸಿತು. ಮತದಾರರು ಅವರನ್ನು ಗೆಲ್ಲಿಸಿ ವಿಧಾನಸಭೆಗೆ ಕಳುಹಿಸಿದರು. ಆದರೆ 2013ರಲ್ಲಿ ಅದೇ ಪಕ್ಷದಿಂದ ಸ್ಪರ್ಧಿಸಿ ಗೆದ್ದವರು ಡಿ.ಸಿ. ತಮ್ಮಣ್ಣನವರು. ಪಕ್ಷಕ್ಕೆ ಅದರದೇ ಆದ ಲೆಕ್ಕಾಚಾರವಿದ್ದೀತು. ಆದರೂ ನಾಲ್ಕು ವರ್ಷಕ್ಕೂ ಮೀರಿದ ಶಾಸಕಿಯ ಅನುಭವಕ್ಕೆ ಆ ಲೆಕ್ಕದಲ್ಲಿ ಎಷ್ಟು ಬೆಲೆಯಿತ್ತು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಇದು ಒಬ್ಬರ ಕಥೆ ಮಾತ್ರವಲ್ಲ. ಮಂಡ್ಯದಲ್ಲಿ ಎಸ್.ಡಿ. ಜಯರಾಂ ಅವರ ನಿಧನಾನಂತರ ಶಾಸಕಿಯಾದವರು ಅವರ ಪತ್ನಿ ಪ್ರಭಾವತಿ ಜಯರಾಂ. ಮೀಸಲು ಕ್ಷೇತ್ರವಾದ ಮಳವಳ್ಳಿಯು 1989ರಲ್ಲಿ ಮಲ್ಲಾಜಮ್ಮನವರನ್ನು ಆರಿಸಿತ್ತು. ಶ್ರೀರಂಗಪಟ್ಟಣವು 1999ರಲ್ಲಿ ಪಾರ್ವತಮ್ಮ ಶ್ರೀಕಂಠಯ್ಯ ಅವರನ್ನೂ 2004ರಲ್ಲಿ ವಿಜಯಲಕ್ಷ್ಮಮ್ಮ ಬಂಡಿಸಿದ್ದೇಗೌಡ ಅವರನ್ನೂ ಆರಿಸಿತು. ಅಂತಹ ಜಿಲ್ಲೆಯ 7 ಕ್ಷೇತ್ರಗಳಿಂದ 2013, 2018 ಮತ್ತು 2023ರ ಸಾರ್ವತ್ರಿಕ ಚುನಾವಣೆಗಳಲ್ಲಿ ಒಬ್ಬ ಮಹಿಳೆಯೂ ಗೆದ್ದು ಬರಲಿಲ್ಲ. 2023ರಲ್ಲಿ ಇಡೀ ರಾಜ್ಯದ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು ಕೇವಲ 10 ಮಂದಿ.

"ಹೆಂಗಸರಿಗೆ ಜನ ಮತ ಕೊಡುವುದಿಲ್ಲ" ಎಂದು ಮುಖಂಡರು ಹೇಳುವುದುಂಟು. ಈ ಮಾತು ಮಂಡ್ಯಕ್ಕೆ ಸಲ್ಲದು. ಲೋಕಸಭೆಗೆ 2013ರ ಉಪಚುನಾವಣೆಯಲ್ಲಿ ರಮ್ಯಾ ಅವರನ್ನೂ, 2019ರಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅವರನ್ನೂ ಆರಿಸಿದ್ದು ಇದೇ ಜಿಲ್ಲೆಯ ಜನ. ಚಿತ್ರರಂಗದ ಕೀರ್ತಿ, ಅಂಬರೀಶ್ ಅವರ ಅಗಲಿಕೆ ಇವುಗಳ ಪಾತ್ರ ಅಲ್ಲಿತ್ತೆಂಬುದು ನಿಜ. ಆದರೆ ನೆರೆಯ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು ಏಳು ಬಾರಿ ಗೆದ್ದು, 1972ರಲ್ಲಿ ವಿಧಾನಸಭೆಯ ಪ್ರಥಮ ಮಹಿಳಾ ಸಭಾಧ್ಯಕ್ಷರಾದುದು ಒಂದು ದಿನದ ಅನುಕಂಪದಿಂದಲ್ಲ.

ಕರ್ನಾಟಕದ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇಕಡಾ 50ರಷ್ಟು ಮೀಸಲಾತಿ ದೊರೆತದ್ದು 2010ರಲ್ಲಿ. ಶಾಸನಸಭೆಗಳಲ್ಲಿ ಮೂರನೆಯ ಒಂದು ಭಾಗವನ್ನು ಮೀಸಲಿಡುವ ಸಂವಿಧಾನ ತಿದ್ದುಪಡಿಯು, ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ಷರತ್ತಿನೊಡನೆ 2023ರಲ್ಲಿ ಅಂಗೀಕಾರವಾಯಿತು. ಕಾನೂನು ಸ್ಥಾನವನ್ನು ಕೊಟ್ಟೀತು. ಅದಕ್ಕೆ ತಕ್ಕವರನ್ನು ಸಿದ್ಧಗೊಳಿಸಬೇಕಾದವರು ಪಕ್ಷಗಳು ಮತ್ತು ನಾವು.

ಆದುದರಿಂದ ನಮ್ಮ ಕುಟುಂಬಗಳೂ ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. ಪಂಚಾಯತಿಗೆ ಆರಿಸಿಬಂದ ಸೊಸೆಯ ಬದಲು ಸಭೆಯಲ್ಲಿ ಮಾತನಾಡುವವನು ಅವಳ ಗಂಡನಾದರೆ ಆ ಸ್ಥಾನದಿಂದ ಫಲವೇನು? ಗ್ರಾಮಸಭೆಗೆ ಹೋಗುತ್ತೇನೆನ್ನುವ ಮಗಳನ್ನು "ನಿನಗೇಕೆ ಈ ಉಸಾಬರಿ?" ಎಂದು ತಡೆಯುವವರು ನಾವೇ ಅಲ್ಲವೇ? ಮತ ಯಾಚಿಸಿ ಮನೆಬಾಗಿಲಿಗೆ ಬರುವವರನ್ನು ಇನ್ನು ಮುಂದೆ ಒಂದು ಮಾತು ಕೇಳೋಣ: ಊರಿನ ನೀರು, ರಸ್ತೆ, ಪಡಿತರಕ್ಕಾಗಿ ವರುಷಗಟ್ಟಲೆ ದುಡಿದ ಹೆಣ್ಣುಮಗಳಿಗೆ ಟಿಕೆಟ್ ಕೊಡಲು ಅವಳ ಮನೆಯಲ್ಲಿ ಸಾವು ಸಂಭವಿಸುವ ತನಕ ಕಾಯಬೇಕೇ?